ಹೃದಯದ ಸೂಕ್ಷ್ಮ ರಕ್ತನಾಳಗಳ ಕಾರ್ಯದೋಷ ಮತ್ತು ಸಂಬಂಧಿತ ಹೃದಯ ತೊಂದರೆಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಎದೆನೋವು, ಎದೆ ಬಿಗಿತ, ಏದುಸಿರು ಮುಂತಾದ ತೊಂದರೆಗಳಿಂದ ಆಸ್ಪತ್ರೆಗೆ ಬರುವ ಅನೇಕರಿಗೆ ಹೃದಯದ ಆಂಜಿಯೋಗ್ರಾಂ ಪರೀಕ್ಷೆಯನ್ನು ಮಾಡಲಾಗುತ್ತದೆ. ಇವರಲ್ಲಿ ಗಣನೀಯ ಸಂಖ್ಯೆಯ ಜನರಿಗೆ ದೊಡ್ಡ ರಕ್ತನಾಳಗಳಲ್ಲಿ ಅಡಚಣೆ ಇಲ್ಲವೆಂಬ ವರದಿ ದೊರೆಯುತ್ತದೆ. ಈ ವರದಿಯಿಂದ ರೋಗಿ ಮತ್ತು ಕುಟುಂಬದವರಿಗೆ ಸಮಾಧಾನವಾಗುವುದು ಸಹಜ. ಆದರೆ ಕೆಲವರಲ್ಲಿ ವರದಿ ಬಂದ ನಂತರವೂ ನೋವು ಮುಂದುವರಿಯುತ್ತದೆ. ಅಂತಹವರು ತಮ್ಮ ನೋವನ್ನು ಗ್ಯಾಸ್ಟ್ರಿಕ್ ಎಂದೋ, ಭಯದಿಂದ ಉಂಟಾದದ್ದೆಂದೋ ತಿಳಿದು ಮಾತ್ರೆಗಳನ್ನು ನಿಲ್ಲಿಸುವುದು ಹಾಗೂ ಮರುತಪಾಸಣೆಗೆ ಬಾರದಿರುವುದು ಕಂಡುಬರುತ್ತದೆ.

ಆಂಜಿಯೋಗ್ರಾಂ ಪರೀಕ್ಷೆಯಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು ಮಾತ್ರ. ಹೃದಯ ಸ್ನಾಯುವಿನ ಒಳಗೆ ಹರಡಿರುವ ಸೂಕ್ಷ್ಮ ರಕ್ತನಾಳಗಳು ಅದರಲ್ಲಿ ಕಾಣುವುದಿಲ್ಲ. ಇವುಗಳ ಕಾರ್ಯದಲ್ಲಿ ದೋಷ ಉಂಟಾದಾಗಲೂ ಹೃದಯಕ್ಕೆ ರಕ್ತದ ಕೊರತೆಯಾಗಿ ಎದೆನೋವು ಬರಬಹುದು. ಇದು ಚಿಕಿತ್ಸೆಗೆ ಅರ್ಹವಾದ ತೊಂದರೆಯಾಗಿರುತ್ತದೆ. ಈ ಸ್ಥಿತಿಯ ಸ್ವರೂಪ, ಲಕ್ಷಣ, ಪತ್ತೆ ಮತ್ತು ಚಿಕಿತ್ಸೆಯ ವಿವರಗಳನ್ನು ಹಾಗೂ ರಾಜ್ಯದಲ್ಲಿ ಸೇವೆ ಪಡೆಯುವ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

2. ಹೃದಯಕ್ಕೆ ರಕ್ತ ಪೂರೈಕೆಯಾಗುವ ವಿಧಾನ

ಹೃದಯವು ಇಡೀ ದೇಹಕ್ಕೆ ರಕ್ತವನ್ನು ಪೂರೈಸುವ ಅಂಗವಾಗಿದ್ದರೂ, ತನ್ನ ಸ್ವಂತ ಕೆಲಸಕ್ಕೆ ಅದಕ್ಕೂ ರಕ್ತ ಬೇಕು. ಮಹಾಧಮನಿಯ ಬುಡದಿಂದ ಹೊರಡುವ ಎಡ ಮತ್ತು ಬಲ ಪರಿಧಮನಿಗಳು ಹೃದಯದ ಮೇಲ್ಮೈಯಲ್ಲಿ ಹರಡಿ, ಅಲ್ಲಿಂದ ಕವಲೊಡೆದು ಸ್ನಾಯುವಿನ ಒಳಗೆ ಇಳಿಯುತ್ತವೆ. ಮೇಲ್ಮೈಯಲ್ಲಿರುವ ನಾಳಗಳು ಕೆಲವು ಮಿಲಿಮೀಟರ್ ಅಗಲವಿರುತ್ತವೆ. ಒಳಗಿನ ಕವಲುಗಳು ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ ಅಗಲವಿದ್ದು, ಕೊನೆಗೆ ಕೂದಲೆಳೆಗಿಂತ ಸಣ್ಣದಾದ ಲೋಮನಾಳಗಳಲ್ಲಿ ಮುಕ್ತಾಯವಾಗುತ್ತವೆ.

ವಿಶ್ರಾಂತಿಯ ಸಮಯದಲ್ಲಿ ಹೃದಯವು ಹೊರಹಾಕುವ ಒಟ್ಟು ರಕ್ತದ ಸುಮಾರು ಶೇ. 5ರಷ್ಟು ಭಾಗ ಹೃದಯಕ್ಕೇ ಬಳಕೆಯಾಗುತ್ತದೆ. ದೇಹದ ಇತರ ಅಂಗಗಳು ರಕ್ತದಲ್ಲಿರುವ ಆಮ್ಲಜನಕದ ಒಂದು ಅಂಶವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಡುತ್ತವೆ. ಹೃದಯ ಸ್ನಾಯುವಾದರೋ ವಿಶ್ರಾಂತಿಯಲ್ಲಿಯೇ ಸುಮಾರು ಶೇ. 70ರಷ್ಟನ್ನು ತೆಗೆದುಕೊಂಡಿರುತ್ತದೆ. ಆದ್ದರಿಂದ ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಅಥವಾ ಕೋಪ ಮತ್ತು ಆತಂಕದ ಸಂದರ್ಭದಲ್ಲಿ ಬೇಡಿಕೆ ಹೆಚ್ಚಾದಾಗ, ಅದನ್ನು ಪೂರೈಸಲು ಹೃದಯಕ್ಕೆ ಇರುವ ಮುಖ್ಯ ಮಾರ್ಗ ರಕ್ತದ ಹರಿವನ್ನು ಹೆಚ್ಚಿಸಿಕೊಳ್ಳುವುದು. ಆರೋಗ್ಯವಂತರಲ್ಲಿ ಈ ಹರಿವು ವಿಶ್ರಾಂತಿಯ ಮಟ್ಟಕ್ಕಿಂತ ಮೂರರಿಂದ ಐದು ಪಟ್ಟು ಹೆಚ್ಚಾಗಬಲ್ಲದು.

ಹರಿವನ್ನು ಹೀಗೆ ಹೆಚ್ಚು ಕಡಿಮೆ ಮಾಡುವ ಕೆಲಸ ಬಹುಮಟ್ಟಿಗೆ ಸೂಕ್ಷ್ಮ ರಕ್ತನಾಳಗಳದ್ದಾಗಿರುತ್ತದೆ. ದೊಡ್ಡ ನಾಳಗಳು ರಕ್ತವನ್ನು ತಂದು ಮುಟ್ಟಿಸುತ್ತವೆ. ಎಲ್ಲಿಗೆ, ಎಷ್ಟು ಎಂಬುದನ್ನು ಸಣ್ಣ ನಾಳಗಳು ಹಿಗ್ಗಿ ಕುಗ್ಗಿ ನಿರ್ಧರಿಸುತ್ತವೆ. ಇದನ್ನು ನೀರಾವರಿ ವ್ಯವಸ್ಥೆಗೆ ಹೋಲಿಸಬಹುದು. ಮುಖ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಹೊಲಗಾಲುವೆಗಳಲ್ಲಿ ಹೂಳು ತುಂಬಿದ್ದರೆ ಅಥವಾ ತೂಬು ಸರಿಯಾಗಿ ತೆರೆಯದಿದ್ದರೆ ಕೊನೆಯ ಭಾಗದ ಜಮೀನಿಗೆ ನೀರು ತಲುಪುವುದಿಲ್ಲ. ಮುಖ್ಯ ನಾಲೆಯನ್ನು ಮಾತ್ರ ಪರಿಶೀಲಿಸಿ ಬರೆದ ವರದಿಯು ಆ ಜಮೀನಿನ ಸ್ಥಿತಿಯನ್ನು ತಿಳಿಸಲಾರದು.

3. ಕಾರ್ಯದೋಷದ ವಿಧಗಳು

ಸೂಕ್ಷ್ಮ ರಕ್ತನಾಳಗಳ ದೋಷವು ಮುಖ್ಯವಾಗಿ ಎರಡು ಬಗೆಯದಾಗಿರುತ್ತದೆ.

(ಅ) ರಚನೆಯ ದೋಷ: ನಾಳದ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುವುದು ಅಥವಾ ಲೋಮನಾಳಗಳ ಸಂಖ್ಯೆಯೇ ಕಡಿಮೆಯಾಗುವುದು. ದೀರ್ಘಕಾಲದ ರಕ್ತದೊತ್ತಡ ಮತ್ತು ಮಧುಮೇಹದಲ್ಲಿ ಇದು ಕಂಡುಬರುತ್ತದೆ.

(ಆ) ಕಾರ್ಯದ ದೋಷ: ನಾಳದ ರಚನೆ ಸರಿಯಿದ್ದರೂ ಅದು ಅಗತ್ಯವಾದಾಗ ಹಿಗ್ಗದಿರುವುದು, ಅಥವಾ ಹಿಗ್ಗುವ ಬದಲು ಸೆಳೆತಕ್ಕೊಳಗಾಗಿ ಕುಗ್ಗುವುದು. ನಾಳದ ಒಳಪದರವು ಸ್ರವಿಸುವ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ನಾಳವನ್ನು ಹಿಗ್ಗಿಸುತ್ತದೆ. ಒಳಪದರಕ್ಕೆ ಹಾನಿಯಾದಾಗ ಇದರ ಪ್ರಮಾಣ ಕಡಿಮೆಯಾಗುತ್ತದೆ.

ಒಬ್ಬರೇ ರೋಗಿಯಲ್ಲಿ ಎರಡೂ ಬಗೆಯ ದೋಷಗಳು ಇರಬಹುದು. ದೊಡ್ಡ ರಕ್ತನಾಳಗಳ ಅಡಚಣೆಯ ಜೊತೆಗೂ ಸೂಕ್ಷ್ಮ ನಾಳಗಳ ದೋಷ ಇರಬಹುದು. ಸ್ಟೆಂಟ್ ಅಳವಡಿಸಿದ ನಂತರವೂ ಕೆಲವರಲ್ಲಿ ಎದೆನೋವು ಉಳಿಯಲು ಇದು ಒಂದು ಕಾರಣವಾಗಿದೆ.

4. ಈ ಸ್ಥಿತಿಯನ್ನು ಗುರುತಿಸಿದ ಹಿನ್ನೆಲೆ

1973ರಲ್ಲಿ ಅಮೆರಿಕದ ಹೃದಯತಜ್ಞ ಹಾರ್ವಿ ಕೆಂಪ್ ಅವರು, ಎದೆನೋವಿದ್ದು ಆಂಜಿಯೋಗ್ರಾಂ ಸಹಜವಾಗಿರುವ ಸ್ಥಿತಿಗೆ 'ಸಿಂಡ್ರೋಮ್ ಎಕ್ಸ್' ಎಂಬ ಹೆಸರನ್ನು ಬಳಸಿದರು. ಕಾರಣ ತಿಳಿಯದ ಸ್ಥಿತಿ ಎಂಬುದು ಈ ಹೆಸರಿನ ಭಾವವಾಗಿತ್ತು. 1988ರಲ್ಲಿ ರಿಚರ್ಡ್ ಕ್ಯಾನನ್ ಮತ್ತು ಸ್ಟೀಫನ್ ಎಪ್‌ಸ್ಟೈನ್ ಅವರು ಸೂಕ್ಷ್ಮ ರಕ್ತನಾಳಗಳ ಎದೆನೋವು ಎಂಬ ಹೆಸರನ್ನು ಸೂಚಿಸಿದರು. 1996ರಲ್ಲಿ ಅಮೆರಿಕದಲ್ಲಿ ಮಹಿಳೆಯರ ಹೃದಯದ ರಕ್ತಕೊರತೆಯನ್ನು ಕುರಿತು ಆರಂಭವಾದ 'ವೈಸ್' ಅಧ್ಯಯನವು, ದೊಡ್ಡ ನಾಳಗಳಲ್ಲಿ ಅಡಚಣೆ ಇಲ್ಲದ ಮಹಿಳೆಯರಲ್ಲಿಯೂ ಮುಂದೆ ಹೃದಯದ ತೊಂದರೆಗಳು ಉಂಟಾಗುವ ಸಾಧ್ಯತೆ ಹೆಚ್ಚಿರುವುದನ್ನು ತೋರಿಸಿತು. ಇದರಿಂದ ಈ ಸ್ಥಿತಿಯು ನಿರುಪದ್ರವಿ ಎಂಬ ಹಿಂದಿನ ಅಭಿಪ್ರಾಯ ಬದಲಾಯಿತು.

2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು 663 ಆಸ್ಪತ್ರೆಗಳಲ್ಲಿ ಪೂರ್ವನಿಗದಿತವಾಗಿ ಆಂಜಿಯೋಗ್ರಾಂ ಮಾಡಿಸಿಕೊಂಡ ಸುಮಾರು 4 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿತು. ಇವರಲ್ಲಿ ಯಾರಿಗೂ ಹೃದಯದ ರಕ್ತನಾಳಗಳ ಕಾಯಿಲೆ ಇರುವುದು ಮೊದಲೇ ತಿಳಿದಿರಲಿಲ್ಲ. ತೀವ್ರ ಅಡಚಣೆ ಕಂಡುಬಂದದ್ದು ಶೇ. 38ರಷ್ಟು ಜನರಲ್ಲಿ ಮಾತ್ರ. ಉಳಿದವರೆಲ್ಲರಿಗೂ ಸೂಕ್ಷ್ಮ ನಾಳಗಳ ದೋಷವಿದೆ ಎಂದು ಇದರ ಅರ್ಥವಲ್ಲ. ಆದರೆ ಅಡಚಣೆಯಿಲ್ಲದ ವರದಿ ಪಡೆಯುವವರ ಸಂಖ್ಯೆ ಚಿಕ್ಕದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

5. ಯಾರಲ್ಲಿ ಹೆಚ್ಚಾಗಿ ಕಂಡುಬರುತ್ತದೆ

ಪುರುಷರು ಮತ್ತು ಮಹಿಳೆಯರು ಇಬ್ಬರಲ್ಲಿಯೂ ಈ ದೋಷ ಉಂಟಾಗಬಹುದು. ಆದರೂ ಎದೆನೋವಿದ್ದು ದೊಡ್ಡ ನಾಳಗಳಲ್ಲಿ ಅಡಚಣೆಯಿಲ್ಲದವರಲ್ಲಿ ಮಹಿಳೆಯರ ಪ್ರಮಾಣ, ವಿಶೇಷವಾಗಿ ಮುಟ್ಟು ನಿಂತ ನಂತರದ ವಯಸ್ಸಿನವರ ಪ್ರಮಾಣ ಹೆಚ್ಚಾಗಿದೆ. ಈ ಕೆಳಕಂಡವರು ಹೆಚ್ಚಿನ ಗಮನ ನೀಡಬೇಕಾಗುತ್ತದೆ:

- ರಕ್ತದೊತ್ತಡ, ಮಧುಮೇಹ ಅಥವಾ ಅಧಿಕ ಕೊಲೆಸ್ಟರಾಲ್ ಇರುವವರು
- ಬೀಡಿ, ಸಿಗರೇಟು ಸೇದುವವರು, ಹೊಗೆಸೊಪ್ಪು ಅಥವಾ ಗುಟ್ಕಾ ಬಳಸುವವರು
- ಬೊಜ್ಜು ಇರುವವರು ಮತ್ತು ದೈಹಿಕ ಶ್ರಮವಿಲ್ಲದವರು
- ಸಂಧಿವಾತ, ಲೂಪಸ್ ಮುಂತಾದ ದೀರ್ಘಕಾಲದ ಉರಿಯೂತದ ಕಾಯಿಲೆ ಇರುವವರು
- ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರು

6. ಲಕ್ಷಣಗಳು

- ಎದೆಯ ನಡುಭಾಗದಲ್ಲಿ ಬಿಗಿತ, ಹಿಂಡಿದಂತಾಗುವುದು ಅಥವಾ ಭಾರ ಇಟ್ಟಂತಾಗುವುದು
- ನೋವು ಭುಜ, ತೋಳು, ದವಡೆ, ಬೆನ್ನು ಅಥವಾ ಮೇಲುಹೊಟ್ಟೆಗೆ ಹರಡುವುದು
- ಸ್ವಲ್ಪ ಶ್ರಮಕ್ಕೇ ಏದುಸಿರು ಮತ್ತು ಅತಿಯಾದ ಆಯಾಸ
- ಕೆಲಸ ನಿಲ್ಲಿಸಿದ ನಂತರವೂ ನೋವು ಬೇಗ ಕಡಿಮೆಯಾಗದಿರುವುದು
- ವಿಶ್ರಾಂತಿಯಲ್ಲಿ, ಚಳಿಯಲ್ಲಿ ಅಥವಾ ಮಾನಸಿಕ ಒತ್ತಡದ ಸಂದರ್ಭದಲ್ಲಿ ನೋವು ಬರುವುದು
- ನಾಲಿಗೆಯ ಕೆಳಗೆ ಇಡುವ ಮಾತ್ರೆಯಿಂದ ಕೆಲವರಲ್ಲಿ ಪೂರ್ಣ ಉಪಶಮನ ದೊರೆಯದಿರುವುದು

ಮಹಿಳೆಯರಲ್ಲಿ ಎದೆನೋವಿಗಿಂತ ಆಯಾಸ, ಉಸಿರಾಟದ ತೊಂದರೆ, ವಾಕರಿಕೆ ಮತ್ತು ಬೆನ್ನು ಅಥವಾ ದವಡೆ ನೋವು ಎದ್ದು ಕಾಣಬಹುದು. ಮನೆಯ ಕೆಲಸದ ದಣಿವು ಎಂದು ಇವುಗಳನ್ನು ತಳ್ಳಿಹಾಕಬಾರದು. ನೋವು ಯಾವ ಕೆಲಸ ಮಾಡುವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಮತ್ತು ಯಾವುದರಿಂದ ಕಡಿಮೆಯಾಗುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ರೋಗಪತ್ತೆಗೆ ಬಹಳ ಸಹಾಯಕವಾಗುತ್ತದೆ.

7. ತುರ್ತು ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ

ವಿಶ್ರಾಂತಿ ತೆಗೆದುಕೊಂಡು 5 ನಿಮಿಷವಾದರೂ ಎದೆನೋವು ಕಡಿಮೆಯಾಗದಿದ್ದರೆ, ಅಥವಾ ನೋವಿನೊಡನೆ ಬೆವರು, ವಾಂತಿ, ತೀವ್ರ ಏದುಸಿರು ಅಥವಾ ಕಣ್ಣು ಕತ್ತಲೆ ಕಂಡುಬಂದರೆ ಕೂಡಲೇ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯತಕ್ಕದ್ದು. ರೋಗಿಯು ತಾನೇ ವಾಹನ ಚಲಾಯಿಸಿಕೊಂಡು ಹೋಗಬಾರದು. ಹಿಂದೆ ಆಂಜಿಯೋಗ್ರಾಂ ಸಹಜವಾಗಿತ್ತು ಎಂಬ ಕಾರಣಕ್ಕೆ ತಡ ಮಾಡಬಾರದು. ಹೊಸ ನೋವು ಹೃದಯಾಘಾತದ್ದೇ ಅಲ್ಲವೇ ಎಂಬುದನ್ನು ಇ.ಸಿ.ಜಿ. ಮತ್ತು ರಕ್ತದ ಟ್ರೋಪೋನಿನ್ ಪರೀಕ್ಷೆಯ ನಂತರ ವೈದ್ಯರೇ ನಿರ್ಧರಿಸಬೇಕು.

ಹೃದಯಾಘಾತವಾದವರಿಗೆ ಮೊದಲ ಗಂಟೆಗಳಲ್ಲಿಯೇ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶದಿಂದ ರಾಜ್ಯದಲ್ಲಿ 2023ರಲ್ಲಿ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಲಾಯಿತು. ಯೋಜನೆಗೆ ಒಳಪಟ್ಟ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಆದ್ದರಿಂದ ಎದೆನೋವು ಬಂದಾಗ ದೂರದ ನಗರಕ್ಕೆ ಹೊರಡುವ ಮುನ್ನ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸುವುದು ಉತ್ತಮ.

8. ಪತ್ತೆ ಮಾಡುವ ವಿಧಾನ

ಮೊದಲಿಗೆ ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್ ಮತ್ತು ರಕ್ತಪರೀಕ್ಷೆಗಳನ್ನು ಮಾಡಲಾಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಶ್ವಾಸಕೋಶದ ಕಾಯಿಲೆ ಮತ್ತು ಅನ್ನನಾಳದ ಆಮ್ಲದ ತೊಂದರೆಗಳಿಂದಲೂ ಇಂತಹ ಲಕ್ಷಣಗಳು ಬರಬಹುದಾದ್ದರಿಂದ ಅವುಗಳನ್ನೂ ಪರಿಶೀಲಿಸಲಾಗುತ್ತದೆ. ನಂತರ ಸಾಮಾನ್ಯ ಆಂಜಿಯೋಗ್ರಾಂ ಅಥವಾ ಸಿ.ಟಿ. ಆಂಜಿಯೋಗ್ರಾಂ ಮೂಲಕ ದೊಡ್ಡ ನಾಳಗಳಲ್ಲಿ ಅಡಚಣೆ ಇದೆಯೇ ಎಂದು ನೋಡಲಾಗುತ್ತದೆ.

2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸೂಕ್ಷ್ಮ ರಕ್ತನಾಳಗಳ ಎದೆನೋವನ್ನು ಖಚಿತಪಡಿಸಲು ಈ ನಾಲ್ಕು ಅಂಶಗಳನ್ನು ಪ್ರಕಟಿಸಿತು:

(1) ಹೃದಯದ ರಕ್ತಕೊರತೆಯನ್ನು ಸೂಚಿಸುವ ಲಕ್ಷಣಗಳಿರುವುದು
(2) ದೊಡ್ಡ ನಾಳಗಳಲ್ಲಿ ರಕ್ತಹರಿವನ್ನು ತಡೆಯುವ ಅಡಚಣೆ ಇಲ್ಲದಿರುವುದು
(3) ಪರೀಕ್ಷೆಯಲ್ಲಿ ರಕ್ತಕೊರತೆಯ ಪುರಾವೆ ದೊರೆಯುವುದು
(4) ಸೂಕ್ಷ್ಮ ನಾಳಗಳ ಕಾರ್ಯ ಕುಂದಿರುವುದು ಅಳತೆಯಿಂದ ತಿಳಿದುಬರುವುದು

ನಾಲ್ಕನೆಯ ಅಂಶವನ್ನು ತಿಳಿಯಲು ವಿಶೇಷ ಪರೀಕ್ಷೆಗಳಿವೆ. ಆಂಜಿಯೋಗ್ರಾಂ ಸಮಯದಲ್ಲಿಯೇ ಸೂಕ್ಷ್ಮ ತಂತಿಯೊಂದನ್ನು ಪರಿಧಮನಿಗೆ ಸೇರಿಸಿ, ಅಡೆನೊಸಿನ್ ಔಷಧಿ ನೀಡಿ ರಕ್ತದ ಹರಿವು ಎಷ್ಟು ಪಟ್ಟು ಹೆಚ್ಚಾಗುತ್ತದೆ ಎಂಬುದನ್ನು ಅಳೆಯಲಾಗುತ್ತದೆ. ಹರಿವು ಎರಡು ಪಟ್ಟೂ ಆಗದಿದ್ದರೆ ದೋಷವಿದೆ ಎಂದು ಭಾವಿಸಲಾಗುತ್ತದೆ. ಎರಡರಿಂದ ಎರಡೂವರೆ ಪಟ್ಟಿನ ನಡುವಿನ ಫಲಿತಾಂಶವನ್ನು ಇತರ ಅಂಶಗಳೊಡನೆ ಪರಿಗಣಿಸಲಾಗುತ್ತದೆ. ಅಸಿಟೈಲ್‌ಕೋಲಿನ್ ಔಷಧಿಯಿಂದ ನಾಳಗಳಲ್ಲಿ ಸೆಳೆತ ಉಂಟಾಗುವುದೇ ಎಂಬುದನ್ನೂ ಪರೀಕ್ಷಿಸಬಹುದು. ತಂತಿ ಸೇರಿಸದೆ ಪೆಟ್ ಸ್ಕ್ಯಾನ್, ಹೃದಯದ ಎಂ.ಆರ್.ಐ. ಅಥವಾ ಡಾಪ್ಲರ್ ಎಕೋ ಮೂಲಕವೂ ಹರಿವನ್ನು ಅಂದಾಜು ಮಾಡಬಹುದು. ಈ ಪರೀಕ್ಷೆಗಳು ಎಲ್ಲ ಆಸ್ಪತ್ರೆಗಳಲ್ಲಿ ಲಭ್ಯವಿರುವುದಿಲ್ಲ. ಪರೀಕ್ಷೆ ಲಭ್ಯವಿಲ್ಲದ ಕಡೆ, ಲಕ್ಷಣಗಳು ಮತ್ತು ಇತರ ಪರೀಕ್ಷೆಗಳ ಆಧಾರದ ಮೇಲೆ ವೈದ್ಯರು ಚಿಕಿತ್ಸೆ ಆರಂಭಿಸಬಹುದು.

9. ಚಿಕಿತ್ಸೆ

ಸ್ಟೆಂಟ್ ಮತ್ತು ಬೈಪಾಸ್ ಶಸ್ತ್ರಚಿಕಿತ್ಸೆಗಳು ದೊಡ್ಡ ನಾಳಗಳ ಅಡಚಣೆಗೆ ಇರುವ ಚಿಕಿತ್ಸೆಗಳು. ಸೂಕ್ಷ್ಮ ನಾಳಗಳಲ್ಲಿ ಸ್ಟೆಂಟ್ ಅಳವಡಿಸಲು ಸಾಧ್ಯವಿಲ್ಲ. ಇಲ್ಲಿ ಚಿಕಿತ್ಸೆಯು ಔಷಧಿ ಮತ್ತು ಜೀವನಕ್ರಮದ ಬದಲಾವಣೆಯನ್ನು ಅವಲಂಬಿಸಿರುತ್ತದೆ.

(ಅ) ಔಷಧಿಗಳು: ನಾಳಗಳು ಹಿಗ್ಗದಿರುವ ದೋಷಕ್ಕೆ ಸಾಮಾನ್ಯವಾಗಿ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳನ್ನೂ, ಸೆಳೆತದ ದೋಷಕ್ಕೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಂಪಿನ ಮಾತ್ರೆಗಳನ್ನೂ ನೀಡಲಾಗುತ್ತದೆ. ಸೆಳೆತ ಇರುವ ಕೆಲವರಲ್ಲಿ ಬೀಟಾ ಬ್ಲಾಕರ್‌ನಿಂದ ತೊಂದರೆ ಹೆಚ್ಚಾಗಬಹುದಾದ್ದರಿಂದ, ನೆರೆಹೊರೆಯವರಿಗೆ ಹಿಡಿಸಿದ ಮಾತ್ರೆಯನ್ನು ತಾನೂ ತೆಗೆದುಕೊಳ್ಳುವುದು ಅಪಾಯಕಾರಿ. ಅಗತ್ಯಕ್ಕೆ ತಕ್ಕಂತೆ ನಿಕೊರಾಂಡಿಲ್, ರಾನೊಲಜಿನ್ ಮುಂತಾದವುಗಳನ್ನು ವೈದ್ಯರು ಸೇರಿಸಬಹುದು. ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ನಾಳಗಳ ಒಳಪದರದ ರಕ್ಷಣೆಗೂ ನೆರವಾಗುತ್ತವೆ.

(ಆ) ಜೀವನಕ್ರಮ: ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸಬೇಕು. ವೈದ್ಯರ ಸಲಹೆಯಂತೆ ನಡಿಗೆಯನ್ನು ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಉಪ್ಪಿನಕಾಯಿ, ಹಪ್ಪಳ ಮತ್ತು ಸಂಡಿಗೆಗಳಲ್ಲಿರುವ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರಕ್ತದೊತ್ತಡ ಮತ್ತು ಸಕ್ಕರೆಯ ಮಟ್ಟವನ್ನು ನಿಯಮಿತವಾಗಿ ಪರೀಕ್ಷಿಸಿಕೊಳ್ಳಬೇಕು.

ದೋಷದ ಬಗೆಯನ್ನು ತಿಳಿದು ಚಿಕಿತ್ಸೆ ನೀಡಿದರೆ ಪ್ರಯೋಜನವಿದೆ ಎಂಬುದಕ್ಕೆ ಪುರಾವೆಯಿದೆ. ಸ್ಕಾಟ್ಲೆಂಡ್‌ನಲ್ಲಿ ಅಡಚಣೆಯಿಲ್ಲದ ಎದೆನೋವಿನ 151 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶೇಷ ಪರೀಕ್ಷೆಯ ಫಲಿತಾಂಶಕ್ಕೆ ಅನುಗುಣವಾಗಿ ಚಿಕಿತ್ಸೆ ಪಡೆದವರಲ್ಲಿ 6 ತಿಂಗಳ ನಂತರ ಎದೆನೋವು ಇತರರಿಗಿಂತ ಕಡಿಮೆಯಾಗಿತ್ತು ಮತ್ತು ಜೀವನದ ಗುಣಮಟ್ಟ ಸುಧಾರಿಸಿತ್ತು.

10. ಸಂಬಂಧಿತ ಹೃದಯ ತೊಂದರೆಗಳು

ದೊಡ್ಡ ನಾಳಗಳಲ್ಲಿ ಕೊಬ್ಬಿನ ಅಡಚಣೆ ಇಲ್ಲದೆಯೂ ಉಂಟಾಗಬಹುದಾದ ಇತರ ತೊಂದರೆಗಳು ಹೀಗಿವೆ:

(ಅ) ದೊಡ್ಡ ನಾಳದ ಸೆಳೆತದ ಎದೆನೋವು: ಇದನ್ನು 1959ರಲ್ಲಿ ಮೈರನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ವಿವರಿಸಿದರು. ನೋವು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿ, ರಾತ್ರಿ ಅಥವಾ ಬೆಳಗಿನ ಜಾವ ಬರುತ್ತದೆ. ಧೂಮಪಾನ ಪ್ರಮುಖ ಕಾರಣಗಳಲ್ಲಿ ಒಂದು.

(ಆ) ಅಡಚಣೆಯಿಲ್ಲದ ಹೃದಯಾಘಾತ: ಹೃದಯಾಘಾತಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಪ್ರಕರಣಗಳಲ್ಲಿ ದೊಡ್ಡ ನಾಳಗಳು ಅರ್ಧಕ್ಕಿಂತ ಹೆಚ್ಚು ಕಿರಿದಾಗಿರುವುದಿಲ್ಲ. ಕಾರಣವನ್ನು ಹುಡುಕಲು ಹೃದಯದ ಎಂ.ಆರ್.ಐ. ಸಹಾಯಕವಾಗುತ್ತದೆ.

(ಇ) ಪರಿಧಮನಿಯ ಪದರ ಬಿರಿಯುವಿಕೆ: ನಾಳದ ಗೋಡೆಯ ಪದರಗಳ ನಡುವೆ ರಕ್ತ ಸೇರಿ ದಾರಿ ಮುಚ್ಚುತ್ತದೆ. ಮಧ್ಯವಯಸ್ಸಿನ ಹಾಗೂ ಅದಕ್ಕಿಂತ ಕಿರಿಯ ಮಹಿಳೆಯರಲ್ಲಿ ಹೆಚ್ಚು. ಗರ್ಭಿಣಿಯರು ಮತ್ತು ಬಾಣಂತಿಯರಲ್ಲಿ ತೀವ್ರ ಎದೆನೋವು ಕಂಡುಬಂದರೆ ಇದನ್ನೂ ಗಮನದಲ್ಲಿಡಬೇಕಾಗುತ್ತದೆ.

(ಈ) ತಕೊತ್ಸುಬೊ ಸ್ಥಿತಿ: ತೀವ್ರ ದುಃಖ, ಭಯ ಅಥವಾ ದೈಹಿಕ ಆಘಾತದ ನಂತರ ಎಡ ಹೃತ್ಕುಕ್ಷಿಯ ತುದಿಭಾಗ ತಾತ್ಕಾಲಿಕವಾಗಿ ಉಬ್ಬಿ ದುರ್ಬಲವಾಗುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ಅಷ್ಟಪದಿಯನ್ನು ಹಿಡಿಯುವ ಮಡಕೆಯ ಹೆಸರಿಟ್ಟರು. ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಮಹಿಳೆಯರು. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಹೃದಯ ಚೇತರಿಸಿಕೊಳ್ಳುತ್ತದೆಯಾದರೂ ಆರಂಭದಲ್ಲಿ ಆಸ್ಪತ್ರೆಯ ನಿಗಾ ಅವಶ್ಯಕ.

(ಉ) ಸಂಕುಚನ ಶಕ್ತಿ ಉಳಿದಿರುವ ಹೃದಯ ವೈಫಲ್ಯ: ಹೃದಯ ರಕ್ತವನ್ನು ಹೊರಹಾಕುವ ಪ್ರಮಾಣ ಸರಿಯಿದ್ದರೂ ಗೋಡೆ ಬಿಗುವಾಗಿ ಸಡಿಲಗೊಳ್ಳದೆ ಏದುಸಿರು ಮತ್ತು ಕಾಲು ಬಾವು ಬರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂತಹ 202 ರೋಗಿಗಳ ಪೈಕಿ ಶೇ. 75ರಷ್ಟು ಜನರಲ್ಲಿ ಸೂಕ್ಷ್ಮ ನಾಳಗಳ ದೋಷ ಕಂಡುಬಂದಿತು.

11. ಸರ್ಕಾರಿ ಸೇವೆಗಳನ್ನು ಪಡೆಯುವ ಕ್ರಮ

(ಅ) ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ: 30 ವರ್ಷ ಮೇಲ್ಪಟ್ಟವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ತಪಾಸಣೆ ಮಾಡಿಸಿಕೊಳ್ಳಬಹುದು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಲ್ಲಿ ಮುಂದಿನ ಸಲಹೆ ಮತ್ತು ಔಷಧಿ ದೊರೆಯುತ್ತದೆ.

(ಆ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ನಿಗದಿತ ಚಿಕಿತ್ಸೆಗಳ ವೆಚ್ಚವನ್ನು ಭರಿಸಲಾಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು ವರ್ಷಕ್ಕೆ ರೂ. 1.5 ಲಕ್ಷದ ಮಿತಿಯೊಳಗೆ ಭರಿಸಲಾಗುತ್ತದೆ. ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಪತ್ರದ ಅಗತ್ಯವಿಲ್ಲ. ಯೋಜನೆಯ ನೆರವು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಕಂಡಿಕೆ 8ರಲ್ಲಿ ತಿಳಿಸಿದ ವಿಶೇಷ ಪರೀಕ್ಷೆಗೆ ಒಪ್ಪಿಗೆ ನೀಡುವ ಮೊದಲು ಅದು ಯೋಜನೆಗೆ ಒಳಪಡುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಆಯುಷ್ಮಾನ್ ಭಾರತ್ ಸಹಾಯವಾಣಿ ಸಂಖ್ಯೆ 14555.

(ಇ) ತಜ್ಞ ಆಸ್ಪತ್ರೆ: ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ಬೆಂಗಳೂರು, ಮೈಸೂರು ಮತ್ತು ಕಲಬುರಗಿಯಲ್ಲಿ ಆಸ್ಪತ್ರೆಗಳನ್ನು ಹೊಂದಿದೆ.

12. ಜೊತೆಯಲ್ಲಿ ತರಬೇಕಾದ ದಾಖಲೆಗಳು

- ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್
- ಆಯುಷ್ಮಾನ್ ಕಾರ್ಡ್ ಇದ್ದಲ್ಲಿ ಅದು
- ರೆಫರಲ್ ಪತ್ರ
- ಹಿಂದಿನ ಎಲ್ಲ ಇ.ಸಿ.ಜಿ.ಗಳು, ಎಕೋ ಮತ್ತು ಟ್ರೆಡ್‌ಮಿಲ್ ವರದಿಗಳು
- ಆಂಜಿಯೋಗ್ರಾಂ ವರದಿ ಮತ್ತು ಅದರ ಸಿ.ಡಿ.
- ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ
- ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿ ಅಥವಾ ಖಾಲಿ ಸ್ಟ್ರಿಪ್‌ಗಳು

ಆಂಜಿಯೋಗ್ರಾಂ ಸಹಜವಾಗಿದೆ ಎಂದು ವರದಿ ಮತ್ತು ಸಿ.ಡಿ.ಯನ್ನು ಎಸೆಯಬಾರದು. ನಂತರ ಬರುವ ವೈದ್ಯರು ರಕ್ತದ ಹರಿವು ನಿಧಾನವಾಗಿತ್ತೇ ಎಂಬುದನ್ನು ಅದೇ ಸಿ.ಡಿ.ಯಲ್ಲಿ ಪರಿಶೀಲಿಸಬಹುದು, ಮತ್ತೊಮ್ಮೆ ಪರೀಕ್ಷೆ ಮಾಡುವ ಅಗತ್ಯವೂ ತಪ್ಪಬಹುದು. ದಾಖಲೆ ಕಳೆದುಹೋಗಿದ್ದಲ್ಲಿ ಆಸ್ಪತ್ರೆಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಕಾಪಾಡಬೇಕು ಹಾಗೂ ಕೋರಿಕೆ ಬಂದ 72 ಗಂಟೆಗಳೊಳಗೆ ನೀಡಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಂಜಿಯೋಗ್ರಾಂ ಸಹಜವಾಗಿದ್ದರೆ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಮಾತ್ರೆಗಳನ್ನು ನಿಲ್ಲಿಸಬಹುದೇ?
ಉತ್ತರ: ಇಲ್ಲ. ವೈದ್ಯರ ಸೂಚನೆಯಿಲ್ಲದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಸೂಕ್ಷ್ಮ ನಾಳಗಳ ಹಾನಿಗೆ ನಿಯಂತ್ರಣವಿಲ್ಲದ ರಕ್ತದೊತ್ತಡ ಮತ್ತು ಮಧುಮೇಹವೇ ಮುಖ್ಯ ಕಾರಣಗಳಾಗಿವೆ.

ಪ್ರಶ್ನೆ: ಇದು ಮನಸ್ಸಿನ ಕಾಯಿಲೆಯೇ?
ಉತ್ತರ: ಅಲ್ಲ. ಇದು ಅಳತೆಯಿಂದ ಖಚಿತಪಡಿಸಬಹುದಾದ ರಕ್ತನಾಳಗಳ ತೊಂದರೆ. ಮಾನಸಿಕ ಒತ್ತಡದಿಂದ ನೋವು ಹೆಚ್ಚಾಗಬಹುದು. ಅಷ್ಟರಿಂದಲೇ ನೋವು ಕಲ್ಪಿತವೆನ್ನಲಾಗದು.

ಪ್ರಶ್ನೆ: ಇದು ಪ್ರಾಣಾಪಾಯಕಾರಿಯೇ?
ಉತ್ತರ: ಹೆಚ್ಚಿನವರು ಚಿಕಿತ್ಸೆಯೊಂದಿಗೆ ದೈನಂದಿನ ಜೀವನ ನಡೆಸಬಲ್ಲರು. ಆದರೆ ದೋಷ ಇರುವವರಲ್ಲಿ ಹೃದಯಾಘಾತ ಮತ್ತು ಹೃದಯ ವೈಫಲ್ಯದ ಸಾಧ್ಯತೆ ದೋಷವಿಲ್ಲದವರಿಗಿಂತ ಹೆಚ್ಚಿರುವುದರಿಂದ ನಿಯಮಿತ ಮರುತಪಾಸಣೆ ಅವಶ್ಯಕ.

ಪ್ರಶ್ನೆ: ವೈದ್ಯರನ್ನು ಏನೆಂದು ಕೇಳಬೇಕು?
ಉತ್ತರ: "ದೊಡ್ಡ ನಾಳಗಳಲ್ಲಿ ಅಡಚಣೆ ಇಲ್ಲದಿದ್ದರೆ ನನ್ನ ನೋವಿಗೆ ಕಾರಣವೇನು? ಸೂಕ್ಷ್ಮ ನಾಳಗಳ ದೋಷ ಅಥವಾ ಸೆಳೆತ ಇರಬಹುದೇ? ಯಾವ ಮಾತ್ರೆ ಮುಂದುವರಿಸಬೇಕು? ಮತ್ತೆ ಯಾವಾಗ ಬರಬೇಕು?" ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಿಲ್ಲದೆ ರಕ್ತನಾಳ ಶುದ್ಧಿ ಮಾಡುವುದಾಗಿ ಜಾಹೀರಾತುಗಳು ಬರುತ್ತವೆ. ಅವುಗಳನ್ನು ನಂಬಬಹುದೇ?
ಉತ್ತರ: ಇಂತಹ ಜಾಹೀರಾತುಗಳನ್ನು ನಂಬಿ ಹಣ ಪಾವತಿಸುವ ಮೊದಲು ಅಥವಾ ಈಗಿನ ಮಾತ್ರೆಗಳನ್ನು ಬಿಡುವ ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯತಕ್ಕದ್ದು.

14. ಸೂಚನೆ

ಈ ಪುಟದಲ್ಲಿರುವ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ತಪಾಸಣೆಗೆ ಪರ್ಯಾಯವಾಗಿರುವುದಿಲ್ಲ. ಇಲ್ಲಿ ಹೆಸರಿಸಿದ ಯಾವುದೇ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದು. ಆಂಜಿಯೋಗ್ರಾಂ ಸಹಜವಾಗಿದ್ದರೂ ಎದೆನೋವು ಮುಂದುವರಿದವರು ತಮ್ಮ ದಾಖಲೆಗಳೊಂದಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮರುತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.